ಬಂಗಾರಪೇಟೆಯ ಕವಲು ಹಳಿ: ಸರಕು ರೈಲಿನ ಯೋಜನೆಯೂ ಆಡಳಿತ ರಚನೆಯೂ

ಕೋಲಾರದ ಚಿನ್ನದ ಗಣಿಗಳನ್ನು ಕುರಿತ ಬರಹಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದ ಗಣಿಬಾವಿಗಳು, ಶಿವನಸಮುದ್ರದಿಂದ ಬಂದ ವಿದ್ಯುತ್ತು, ಜಾನ್ ಟೇಲರ್ ಕಂಪನಿಯ ಆಡಳಿತ ಇವೆಲ್ಲವೂ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿಗಳೇ. ಆದರೆ ಆ ಗಣಿಗಳಿಗೆ ದಿನನಿತ್ಯ ಬೇಕಾದುದನ್ನೆಲ್ಲ ಹೊತ್ತು ತಂದ ಬಂಗಾರಪೇಟೆ–ಮಾರಿಕುಪ್ಪಂ ರೈಲು ಮಾರ್ಗವನ್ನು ಯಾರೂ ವಿಶೇಷವಾಗಿ ಗಮನಿಸಿದಂತೆ ತೋರುವುದಿಲ್ಲ. ಕೇವಲ 16 ಕಿಲೋಮೀಟರ್ ಉದ್ದದ ಈ ಕವಲು ಹಳಿ, ಸರಕು ಸಾಗಣೆಯೆಂಬ ಉದ್ಯಮವನ್ನು ಹೇಗೆ ಯೋಜಿಸಬೇಕು, ಅದನ್ನು ನಡೆಸುವ ಸಂಸ್ಥೆಯನ್ನು ಹೇಗೆ ಕಟ್ಟಬೇಕು ಎಂಬ ಎರಡು ಪ್ರಶ್ನೆಗಳನ್ನು ಅರಿಯಲು ಒದಗಿರುವ ಒಂದು ಒಳ್ಳೆಯ ಪಾಠಶಾಲೆಯೇ ಆಗಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ರೈಲ್ವೆಯು ಮಾರುವ ವಸ್ತು ಕಣ್ಣಿಗೆ ಕಾಣುವಂಥದಲ್ಲ. ಗಿರಣಿಯವನು ಬಟ್ಟೆಯನ್ನು ನೇಯ್ದು ಉಗ್ರಾಣದಲ್ಲಿಟ್ಟು, ಬೆಲೆ ಏರಿದಾಗ ಮಾರಬಲ್ಲನು. ರೈಲ್ವೆಯು ಮಾರುವುದು ಇಂತಿಷ್ಟು ಟನ್ನು ಸರಕನ್ನು ಇಂತಿಷ್ಟು ದೂರ ಒಯ್ಯುವ ಕೆಲಸವನ್ನು. ಇಂದು ಖಾಲಿಯಾಗಿ ಓಡಿದ ವ್ಯಾಗನ್ನಿನ ಸಾಮರ್ಥ್ಯವನ್ನು ನಾಳೆಗೆಂದು ಕೂಡಿಡಲು ಬರುವುದಿಲ್ಲ, ಅದು ಕಳೆದುಹೋದಂತೆಯೇ. ಆದುದರಿಂದಲೇ ಈ ಉದ್ಯಮದಲ್ಲಿ ಎಂಜಿನ್ನಿನ ಬಲಕ್ಕಿಂತಲೂ ಮುನ್ನೋಟಕ್ಕೆ ಹೆಚ್ಚಿನ ಬೆಲೆ.

ಮದರಾಸು ರೈಲ್ವೆಯ ಹಳಿ ಜೋಲಾರಪೇಟೆಯಿಂದ ಕವಲೊಡೆದು ಬೆಂಗಳೂರು ದಂಡು ಪ್ರದೇಶವನ್ನು ಮುಟ್ಟಿದ್ದು 1864ರಲ್ಲಿ. ಆ ದಾರಿಯಲ್ಲಿದ್ದ ಒಂದು ನಿಲ್ದಾಣಕ್ಕೆ ಅಂದಿನ ಕಮಿಷನರ್ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆ ಎಂದು ಹೆಸರಾಯಿತು. ಅದೇ ಮುಂದೆ ಬಂಗಾರಪೇಟೆಯಾಯಿತು. ಆಂಗ್ಲರ ಹೆಸರನ್ನು ನಮ್ಮ ಜನರ ನಾಲಗೆ ಇಷ್ಟು ಅರ್ಥವತ್ತಾಗಿ ತಿದ್ದಿದ ಉದಾಹರಣೆ ಬೇರೆಲ್ಲಿಯಾದರೂ ಉಂಟೋ ಕಾಣೆನು! 1880ರ ದಶಕದಲ್ಲಿ ಗಣಿಗಳಲ್ಲಿ ಚಿನ್ನದ ಸಿರೆ ಖಚಿತವಾಗಿ ದೊರೆತ ಬಳಿಕ, ಯಂತ್ರ, ಇದ್ದಲು, ಮರಮುಟ್ಟುಗಳನ್ನು ನಿಲ್ದಾಣದಿಂದ ಎತ್ತಿನ ಗಾಡಿಗಳಲ್ಲಿ ಎಳೆಯುವುದು ಸಾಧ್ಯವಾಗದ ಹಂತ ಬಂದಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಹಳಿ ತೆರೆಯಿತು.

ಈ ಮಾರ್ಗದ ಒಡೆತನದ ವ್ಯವಸ್ಥೆ ಗಮನಾರ್ಹವಾದುದು. ಹಳಿಯನ್ನು ಹಾಕಿಸಿದ್ದು ಮೈಸೂರು ಸಂಸ್ಥಾನ. ರೈಲನ್ನು ಓಡಿಸಿದ್ದು ಮದರಾಸು ರೈಲ್ವೆ. ಸರಕನ್ನು ತರಿಸಿದವರು ಗಣಿ ಕಂಪನಿಗಳು. ಒಡೆಯನೊಬ್ಬ, ನಡೆಸುವವನೊಬ್ಬ, ಬಳಸುವವನೊಬ್ಬ. ಈ ಮೂವರ ಹಿತಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿದ್ದರೂ ಎಲ್ಲ ಸಂದರ್ಭಗಳಲ್ಲಿಯೂ ಹೊಂದುವುದಿಲ್ಲ. ಒಡೆಯನಿಗೆ ಹಾಕಿದ ಬಂಡವಾಳಕ್ಕೆ ಪ್ರತಿಫಲ ಬೇಕು. ನಡೆಸುವವನಿಗೆ ತನ್ನ ಎಂಜಿನ್ನು, ವ್ಯಾಗನ್ನುಗಳು ಈ ಮೂಲೆಯಲ್ಲಿ ಸಿಕ್ಕಿಬೀಳದೆ ಮುಖ್ಯ ಮಾರ್ಗಕ್ಕೆ ಬೇಗ ಮರಳಬೇಕು. ಗಣಿಯವನಿಗೆ ಒಂದು ದಿನವೂ ಇದ್ದಲು ತಪ್ಪಬಾರದು. ಸಂಸ್ಥೆಯ ರಚನೆಯೆಂದರೆ ಹುದ್ದೆಗಳ ಪಟ್ಟಿಯಲ್ಲ. ಹೀಗೆ ಎಳೆದಾಡುವ ಹಿತಗಳಲ್ಲಿ ಯಾವುದು ಯಾವಾಗ ಮುಂದಾಗಬೇಕೆಂಬುದನ್ನು ಮೊದಲೇ ನಿಶ್ಚಯಿಸಿಡುವ ಏರ್ಪಾಡು.

ಅಂದು ಕೈಗೊಂಡ ನಿರ್ಧಾರಗಳಲ್ಲೆಲ್ಲ ದೂರದೃಷ್ಟಿಯದು ಯಾವುದೆಂದರೆ, ಹಳಿಗಳ ಅಂತರವನ್ನು ಕುರಿತದ್ದು. ಬೆಂಗಳೂರು–ಮೈಸೂರು ಮೊದಲಾದ ಸಂಸ್ಥಾನದ ಮಾರ್ಗಗಳು ಮೀಟರ್‌ಗೇಜಿನವು. ಅವನ್ನು ಹಾಕಲು ಖರ್ಚು ಕಡಿಮೆ. ಹಾಗಿದ್ದರೂ ಗಣಿಯ ಕವಲಿಗೆ ಮದರಾಸು ರೈಲ್ವೆಯ ಬ್ರಾಡ್‌ಗೇಜನ್ನೇ, ಅಂದರೆ 1676 ಮಿಲಿಮೀಟರ್ ಅಂತರದ ಹಳಿಯನ್ನೇ ಆರಿಸಿಕೊಳ್ಳಲಾಯಿತು. ಇದರ ಪರಿಣಾಮವಾಗಿ ದೂರದಲ್ಲಿ ಎಲ್ಲಿಯೋ ತುಂಬಿದ ವ್ಯಾಗನ್ನು ಗಣಿಯ ಬಾಗಿಲಿಗೇ ಬಂದು ನಿಲ್ಲುವಂತಾಯಿತು. ನಡುವೆ ಸರಕನ್ನು ಯಾರೂ ಮುಟ್ಟಬೇಕಾಗಲಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಅದೇ ಬಂಗಾರಪೇಟೆಯ ಮತ್ತೊಂದು ಕವಲನ್ನು ನೋಡಬೇಕು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 762 ಮಿಲಿಮೀಟರ್ ಅಂತರದ ನ್ಯಾರೋಗೇಜ್ ಹಳಿ ತೆರೆಯಿತು. ಮುಂದೆ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮೂಲಕ ಯಲಹಂಕದತ್ತ ಸಾಗುವ ಮಾರ್ಗದೊಡನೆ ಕೂಡಿಕೊಂಡಿತು. ಬಯಲುಸೀಮೆಯ ಕೆರೆಯಂಗಳಗಳನ್ನು ಬಳಸಿ, ಊರಿನಿಂದ ಊರಿಗೆ ನಿಧಾನವಾಗಿ ಹೋಗುತ್ತಿದ್ದ ಆ ಪುಟ್ಟ ಗಾಡಿಯನ್ನು ಹಿರಿಯರು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. ಆದರೆ ಸರಕಿನ ಲೆಕ್ಕದಲ್ಲಿ ಅಕ್ಕರೆಗೆ ಎಡೆಯಿಲ್ಲ. ಬ್ರಾಡ್‌ಗೇಜಿನಲ್ಲಿ ಬಂದ ಅಕ್ಕಿಯ ಮೂಟೆ ಕೋಲಾರಕ್ಕೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಹಮಾಲರು ಅದನ್ನು ದೊಡ್ಡ ವ್ಯಾಗನ್ನಿನಿಂದಿಳಿಸಿ ಸಣ್ಣ ವ್ಯಾಗನ್ನಿಗೆ ಏರಿಸಬೇಕು. ಚಿಂತಾಮಣಿಯ ಹುಣಿಸೆಹಣ್ಣು ಹೊರನಾಡಿಗೆ ಹೋಗಬೇಕಾದರೆ ಅದೇ ಕೆಲಸ ತಿರುವುಮುರುವಾಗಿ ನಡೆಯಬೇಕು. ಒಂದು ಕಡೆ ದೊಡ್ಡ ವ್ಯಾಗನ್ನು ಸಿದ್ಧವಾಗಿದ್ದು ಮತ್ತೊಂದು ಕಡೆ ಸಣ್ಣ ವ್ಯಾಗನ್ನುಗಳು ಬಾರದಿದ್ದರೆ ಎರಡೂ ಕಾಯಬೇಕು. ಮಳೆ ಬಂದರೆ ಮೂಟೆಗಳು ನೆನೆಯುವ ಭಯ. ಒಡೆದ ಮೂಟೆ, ತೂಕದಲ್ಲಿ ಬಂದ ಕೊರತೆ, ಅದಕ್ಕಾಗಿ ವ್ಯಾಪಾರಿಗೂ ರೈಲ್ವೆಗೂ ವಾಗ್ವಾದ.

ಕೋಲಾರದ ಮಾರ್ಗವನ್ನು ಯೋಜಿಸಿದವರು ತಿಳಿಗೇಡಿಗಳೆಂದು ಹೇಳುವುದು ನನ್ನ ಉದ್ದೇಶವಲ್ಲ. ರಾಗಿ, ಹುಣಿಸೆ, ಬೆಲ್ಲ, ರೇಷ್ಮೆಗೂಡುಗಳ ಸೀಮೆಗೆ ಬ್ರಾಡ್‌ಗೇಜಿನ ಖರ್ಚನ್ನು ಹೊರುವಷ್ಟು ಸಾಗಣೆ ಆಗ ಇರಲಿಲ್ಲ. ಅಗ್ಗದ ಹಳಿ ಇಲ್ಲವೆ ಹಳಿಯೇ ಇಲ್ಲ ಎಂಬುದೇ ಅವರ ಮುಂದಿದ್ದ ಆಯ್ಕೆ. ಆದರೂ ಹಳಿ ಹಾಕುವಾಗ ಉಳಿಸಿದ ಹಣವನ್ನು ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಪ್ರತಿದಿನವೂ ಸ್ವಲ್ಪಸ್ವಲ್ಪವಾಗಿ ತೆರುತ್ತ ಬರಬೇಕಾಯಿತು. ಲಾರಿಗಳು ಬಂದ ಮೇಲಂತೂ ಈ ತೆರಿಗೆ ಅಸಹನೀಯವಾಯಿತು. ಚಿಂತಾಮಣಿಯ ಮಂಡಿಯಲ್ಲಿ ತುಂಬಿದ ಲಾರಿ ಎಲ್ಲಿಯೂ ಸರಕನ್ನು ಇಳಿಸದೆ ಮದರಾಸನ್ನು ಮುಟ್ಟುತ್ತಿತ್ತು. ಕೋಲಾರದವರೆಗಿನ ಹಳಿ ಬ್ರಾಡ್‌ಗೇಜಾದದ್ದು 1990ರ ದಶಕದಲ್ಲಿ. ಕೋಲಾರ–ಚಿಕ್ಕಬಳ್ಳಾಪುರದ ಭಾಗವು ಪರಿವರ್ತಿತವಾಗಿ ಮತ್ತೆ ತೆರೆದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿಯ ಸರಕು ರಸ್ತೆಯನ್ನು ಹಿಡಿದು ಬಹಳ ಕಾಲವಾಗಿತ್ತು.

ಇನ್ನು ಗಣಿಯ ಸಾಗಣೆಯ ಸ್ವರೂಪ. ಚಿನ್ನದ ಗಣಿಯ ರೈಲೆಂದರೆ ಚಿನ್ನವನ್ನು ಹೊರುವ ರೈಲೆಂದು ಹುಡುಗರು ಭಾವಿಸುವುದುಂಟು. ಕೋಲಾರದ ಗಣಿಗಳು ನೂರಿಪ್ಪತ್ತು ವರ್ಷಗಳ ಅವಧಿಯಲ್ಲಿ ಕೊಟ್ಟ ಚಿನ್ನದ ಒಟ್ಟು ತೂಕ ಸುಮಾರು 800 ಟನ್ನು. ಇಂದಿನ ಒಂದು ದೊಡ್ಡ ತೆರೆದ ವ್ಯಾಗನ್ನು ಸುಮಾರು 60 ಟನ್ನು ಹೊರುತ್ತದೆ. ಅಂದಮೇಲೆ ತೂಕದ ಲೆಕ್ಕದಲ್ಲಿ ಆ ಚಿನ್ನವೆಲ್ಲವೂ ಹದಿನಾಲ್ಕು ವ್ಯಾಗನ್ನುಗಳಿಗೆ ಸಾಕಾಗುತ್ತಿತ್ತು! ಅದೇ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದು ಗುಡ್ಡಗಳಾಗಿ ನಿಂತಿರುವ ಸಯನೈಡು ಮಣ್ಣು ಮೂರು ಕೋಟಿ ಟನ್ನಿಗೂ ಹೆಚ್ಚು. ಅದನ್ನು 58 ವ್ಯಾಗನ್ನುಗಳ ರೈಲುಗಳಲ್ಲಿ ತುಂಬಿದ್ದರೆ ಎಂಟು ಸಾವಿರಕ್ಕೂ ಹೆಚ್ಚು ರೈಲುಗಳು ಬೇಕಾಗುತ್ತಿದ್ದವು. ಅದಿರನ್ನು ಬಾವಿಯ ಬಳಿಯಲ್ಲಿಯೇ ಕುಟ್ಟಿ ಸೋಸಿದ್ದರಿಂದ ಆ ಭಾರವನ್ನು ಹೊರುವ ಪ್ರಸಂಗ ಈ ಹಳಿಗೆ ಬರಲಿಲ್ಲ. ಗಣಿಯ ಬಾಗಿಲಲ್ಲಿಯೇ ಗಿರಣಿಯನ್ನು ಕಟ್ಟುವುದು ಕೂಡ ಸಾಗಣೆಯ ಯೋಜನೆಯೇ ಎಂಬುದನ್ನು ಮರೆಯಬಾರದು.

ಹೀಗಾಗಿ ಈ ಮಾರ್ಗದಲ್ಲಿ ಸರಕು ಒಳಬರುವುದೇ ಹೊರತು ಹೊರಹೋಗುವುದಿಲ್ಲ. ಇದ್ದಲು, ಆಧಾರಕ್ಕೆ ಬೇಕಾದ ಮರದ ದಿಮ್ಮಿ, ಯಂತ್ರ, ಉಕ್ಕು, ಸಿಮೆಂಟು, ಸಿಡಿಮದ್ದು, ರಾಸಾಯನಿಕಗಳು, ಇವೆಲ್ಲಕ್ಕೂ ಮಿಗಿಲಾಗಿ ಜನರ ಹೊಟ್ಟೆಗೆ ಬೇಕಾದ ಅಕ್ಕಿ, ಧಾನ್ಯ. 1901ರ ಜನಗಣತಿಯಲ್ಲಿಯೇ ಗಣಿಪಟ್ಟಣದಲ್ಲಿ 38 ಸಾವಿರ ಜನರಿದ್ದರು. ಅಷ್ಟು ಜನರನ್ನು ಸಾಕುವ ಬೆಳೆ ಆ ಕಲ್ಲುನೆಲದ ಸುತ್ತ ಇರಲಿಲ್ಲ. ತುಂಬಿ ಬಂದ ವ್ಯಾಗನ್ನುಗಳು ಬರಿದಾಗಿ ಮರಳುತ್ತಿದ್ದವು. ಬರಿದಾದ ವ್ಯಾಗನ್ನನ್ನು ಎಳೆಯುವುದಕ್ಕೂ ಎಂಜಿನ್ನು ಬೇಕು, ಗಾರ್ಡು ಬೇಕು, ಹಳಿಯ ಮೇಲೆ ಸಮಯ ಬೇಕು, ಬಾಡಿಗೆಯೊಂದೇ ಬರುವುದಿಲ್ಲ. ಎರಡೂ ದಿಕ್ಕಿನಲ್ಲಿ ಸರಕು ಸಮನಾಗಿರುವ ಮಾರ್ಗ ಲೋಕದಲ್ಲಿ ಅಪರೂಪವೆಂಬುದು ನಿಜ. ಆದರೆ ಇಷ್ಟು ಏಕಮುಖವಾದ ಸಾಗಣೆಯಲ್ಲಿ, ಹೋಗುವ ಸರಕಿನ ಬಾಡಿಗೆಯೇ ಬರಿಗಾಡಿಯ ಮರುಪಯಣವನ್ನೂ ಭರಿಸಬೇಕಾಗುತ್ತದೆ.

ಸರಕು ರೈಲಿನ ಯೋಜನೆಯಲ್ಲಿ ಅತಿ ಮುಖ್ಯವಾದ ಲೆಕ್ಕವೊಂದಿದೆ. ಅದನ್ನು ಅಂಕಗಣಿತ ಬಲ್ಲ ಯಾವ ವಿದ್ಯಾರ್ಥಿಯಾದರೂ ಮಾಡಬಹುದು. ಒಂದು ವ್ಯಾಗನ್ನು ಒಮ್ಮೆ ತುಂಬಿಸಿಕೊಂಡ ಗಳಿಗೆಯಿಂದ ಮತ್ತೊಮ್ಮೆ ತುಂಬಿಸಿಕೊಳ್ಳುವ ಗಳಿಗೆಯವರೆಗೆ ಕಳೆಯುವ ಕಾಲವನ್ನು ಅದರ ಸುತ್ತು ಎನ್ನೋಣ. ಕೇವಲ ಉದಾಹರಣೆಗಾಗಿ, ಗಣಿಗೆ ದಿನಕ್ಕೆ ಹತ್ತು ವ್ಯಾಗನ್ ಇದ್ದಲು ಬೇಕೆಂದು ಇಟ್ಟುಕೊಳ್ಳಿ. ತುಂಬಲು ಒಂದು ದಿನ, ಬರಲು ಮೂರು ದಿನ, ಇಳಿಸಲು ಒಂದು ದಿನ, ಮರಳಲು ಮೂರು ದಿನ ಎಂದರೆ ಸುತ್ತು ಎಂಟು ದಿನ. ದಿನಕ್ಕೆ ಹತ್ತರಂತೆ ಎಂಟು ದಿನಕ್ಕೆ 80 ವ್ಯಾಗನ್ನುಗಳು ಈ ಕೆಲಸಕ್ಕೆ ಮೀಸಲಾಗಿರಬೇಕು. ಈಗ ಗಣಿಯವರು ಇಳಿಸಲು ಒಂದು ದಿನದ ಬದಲು ಎರಡು ದಿನ ತೆಗೆದುಕೊಂಡರೆ ಬೇಕಾಗುವುದು 90 ವ್ಯಾಗನ್ನು. ಗಣಿಗೆ ಬರುವ ಇದ್ದಲು ಒಂದು ಬುಟ್ಟಿಯೂ ಹೆಚ್ಚಲಿಲ್ಲ. ಆದರೆ ಹತ್ತು ವ್ಯಾಗನ್ನುಗಳು ಬೇರೆ ಯಾರಿಗೋ ಇಲ್ಲದಂತಾದವು. ಆ 'ಬೇರೆ ಯಾರೋ' ಮಾಲೂರಿನ ಹೆಂಚಿನ ವ್ಯಾಪಾರಿಯಿರಬಹುದು, ತಂಜಾವೂರಿನ ಅಕ್ಕಿಯ ವರ್ತಕನಿರಬಹುದು. ತಮ್ಮ ಪಾಲಿನ ವ್ಯಾಗನ್ನು ಏಕೆ ಬರಲಿಲ್ಲವೆಂಬುದು ಅವರಿಗೆ ಎಂದಿಗೂ ತಿಳಿಯುವುದಿಲ್ಲ.

ಇದಕ್ಕಾಗಿಯೇ ರೈಲ್ವೆಗಳು ಇಳಿಸಲು ಇಂತಿಷ್ಟು ಗಂಟೆಯೆಂದು ಉಚಿತ ಅವಧಿಯನ್ನು ಗೊತ್ತುಮಾಡಿ, ಮೀರಿದರೆ ಡೆಮರೇಜ್ ಎಂಬ ದಂಡವನ್ನು ವಿಧಿಸುತ್ತವೆ. ಇಳಿಸಿದ ಸರಕನ್ನು ಗೂಡ್ಸ್ ಷೆಡ್ಡಿನಲ್ಲಿಯೇ ಬಿಟ್ಟರೆ ವಾರ್ಫೇಜ್ ಎಂಬ ಇನ್ನೊಂದು ಶುಲ್ಕ. ಆದರೆ ದಂಡವೊಂದರಿಂದಲೇ ಸುತ್ತು ಬೇಗವಾಗುವುದಿಲ್ಲ. ಕವಲು ಮಾರ್ಗಕ್ಕೆ ಗೂಡ್ಸ್ ಎಂಜಿನ್ನು ದಿನಕ್ಕೆ ಒಂದೇ ಸಲ ಬರುವುದಾದರೆ, ಗಣಿಯ ಕೂಲಿಗಳು ಬೆಳಗ್ಗೆ ಹನ್ನೊಂದಕ್ಕೇ ವ್ಯಾಗನ್ನನ್ನು ಬರಿದುಮಾಡಿದರೂ ಅದು ಮರುದಿನದವರೆಗೆ ಸೈಡಿಂಗಿನಲ್ಲಿ ನಿಂತೇ ಇರುತ್ತದೆ. ಅವಸರದಿಂದ ಬೆವರು ಸುರಿಸಿದ್ದು ವ್ಯರ್ಥ. ಇಳಿಸುವವನ ಗಡಿಯಾರವೂ ಎಂಜಿನ್ನಿನ ವೇಳಾಪಟ್ಟಿಯೂ ಒಂದಕ್ಕೊಂದು ಹೊಂದಿದ್ದರೆ ಮಾತ್ರ ಚುರುಕುತನಕ್ಕೆ ಅರ್ಥ. ಬಳಕೆದಾರನಿಗೆ ದಂಡ ಹಾಕುವ ಅಧಿಕಾರಿ ಒಬ್ಬ, ಎಂಜಿನ್ನು ಕಳುಹಿಸುವ ಅಧಿಕಾರಿ ಇನ್ನೊಬ್ಬ ಆಗಿದ್ದು, ಇಬ್ಬರೂ ಒಬ್ಬರೊಡನೊಬ್ಬರು ಮಾತನಾಡದಿದ್ದರೆ ಇಂತಹ ಅಸಂಗತಗಳು ವರ್ಷಾನುಗಟ್ಟಲೆ ನಡೆದುಕೊಂಡು ಹೋಗುತ್ತವೆ.

ಭೂಗೋಳವೂ ಈ ಲೆಕ್ಕದೊಳಗೆ ಬರುತ್ತದೆ. ಜೋಲಾರಪೇಟೆಯಿಂದ ಕುಪ್ಪಂ ದಾಟಿ ಬಂಗಾರಪೇಟೆಗೆ ಬರುವ ರೈಲು ಸುಮಾರು 400 ಮೀಟರ್ ಎತ್ತರವನ್ನು ಏರಬೇಕು. ಇಡೀ ದಾರಿಯಲ್ಲಿ ಅತಿ ಕಡಿದಾದ ಏರು ಯಾವುದೋ ಅದೇ ರೈಲಿನ ತೂಕವನ್ನು ನಿರ್ಧರಿಸುತ್ತದೆ. ಉಳಿದ ನೂರು ಮೈಲಿ ಸಮತಟ್ಟಾಗಿದ್ದರೂ ಪ್ರಯೋಜನವಿಲ್ಲ. ಭಾರವಾದ ರೈಲಿಗೆ ಏರಿನ ಬುಡದಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ನನ್ನು ಕೂಡಿಸಬಹುದು, ಇಲ್ಲವೆ ರೈಲನ್ನು ಎರಡಾಗಿ ಒಡೆಯಬಹುದು. ಗಣಿಗೆ ಬರುವ ಭಾರವೆಲ್ಲ ಏರುವ ದಿಕ್ಕಿನಲ್ಲಿ, ಬರಿಗಾಡಿಗಳು ಇಳಿಯುವ ದಿಕ್ಕಿನಲ್ಲಿ! ಪ್ರಕೃತಿಯು ಇದಕ್ಕೆ ವಿಪರೀತವಾಗಿ ಏರ್ಪಡಿಸಿದ್ದರೆ ರೈಲ್ವೆಯವರಿಗೆ ಎಷ್ಟೋ ಇದ್ದಲು ಉಳಿಯುತ್ತಿತ್ತು.

ಬಂಗಾರಪೇಟೆಯಿಂದ ಮುಂದೆ ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳು. ಒಂದೊಂದರ ಬದಿಯಲ್ಲಿಯೂ ಗಣಿಯ ಕಾರ್ಯಕ್ಷೇತ್ರ. ಇಂತಹ ಮಾರ್ಗದಲ್ಲಿ ವ್ಯಾಗನ್ನುಗಳನ್ನು ಬಿಡುತ್ತ ಹೋಗುವ ರೈಲನ್ನು ಜೋಡಿಸುವಾಗ, ಮೊದಲು ಬಿಡಬೇಕಾದ ವ್ಯಾಗನ್ನುಗಳು ಎಂಜಿನ್ನಿನ ಹತ್ತಿರ, ಕೊನೆಯವು ಗಾರ್ಡಿನ ಡಬ್ಬಿಯ ಹತ್ತಿರ ಇರಬೇಕು. ದೊಡ್ಡ ಯಾರ್ಡಿನಲ್ಲಿ ಹತ್ತು ನಿಮಿಷದ ಆಲಸ್ಯದಿಂದ ಈ ಕ್ರಮ ತಪ್ಪಿದರೆ, ಒಂಟಿ ಹಳಿಯ ಮೇಲೆ ಪ್ರತಿ ನಿಲ್ದಾಣದಲ್ಲಿಯೂ ಗಾಡಿಗಳನ್ನು ಹಿಂದುಮುಂದು ಮಾಡುತ್ತ ಗಂಟೆಗಳೇ ಕಳೆಯುತ್ತವೆ. ಅಷ್ಟು ಹೊತ್ತು ಎದುರಿನಿಂದ ಬರಬೇಕಾದ ಪ್ಯಾಸೆಂಜರ್ ಗಾಡಿ ಕಾಯುತ್ತಿರುತ್ತದೆ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಯನ್ನು ತಲುಪಿತು. ಇದನ್ನು ವಿಜ್ಞಾನದ ವಿಜಯವೆಂದು ನಾವು ಸರಿಯಾಗಿಯೇ ಕೊಂಡಾಡುತ್ತೇವೆ. ರೈಲ್ವೆಯ ಕಡೆಯಿಂದ ನೋಡಿದರೆ ಮಾತ್ರ ಅದು ಬೇರೆಯಾಗಿ ಕಾಣುತ್ತದೆ. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಮೈಸೂರು ಸಂಸ್ಥಾನವು ಗಣಿಗೆ ಇದ್ದಲು ತರುವ ಹಳಿಯನ್ನು ಹಾಕಿತು. ಎಂಟೇ ವರ್ಷಗಳಲ್ಲಿ ಅದೇ ಸಂಸ್ಥಾನವು ಇದ್ದಲಿನ ಅಗತ್ಯವನ್ನೇ ತಗ್ಗಿಸುವ ತಂತಿಯನ್ನೂ ಎಳೆಯಿತು! ಎಲ್ಲ ಯಂತ್ರಗಳೂ ಒಮ್ಮೆಲೇ ಉಗಿಯನ್ನು ಬಿಟ್ಟವೆಂದಲ್ಲ. ಗಣಿಗಳು ಬೆಳೆಯುತ್ತಿದ್ದುದರಿಂದ ಇತರ ಸರಕುಗಳು ಹೆಚ್ಚಿದವೆಂಬುದೂ ಸರಿ. ಆದರೆ ಒಂದೇ ಸರಕನ್ನು ನಂಬಿದ ಮಾರ್ಗದ ಭವಿಷ್ಯವು, ಆ ಸರಕಿಗೆ ಬದಲಿಯೊಂದು ಹುಟ್ಟುವವರೆಗೆ ಮಾತ್ರ ಭದ್ರ. ಕೆಲಸದಲ್ಲಿ ತಂತಿಯೂ ಒಂದು ಬಗೆಯ ಸರಕು ರೈಲೇ. ಅದಕ್ಕೆ ಬರಿಗಾಡಿಯ ಮರುಪಯಣವೊಂದಿಲ್ಲ.

ಈಗ ಆಡಳಿತ ರಚನೆಯ ಮಾತಿಗೆ ಬರೋಣ. ಆಧುನಿಕ ಸಂಸ್ಥೆಗಳ ಅಧಿಕಾರಶ್ರೇಣಿ ಎಂಬುದು ಮೊದಲು ರೂಪುಗೊಂಡದ್ದೇ ರೈಲ್ವೆಗಳಲ್ಲಿ ಎಂದು ಇತಿಹಾಸಕಾರರು ಹೇಳುತ್ತಾರೆ. 1841ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟರ್ನ್ ರೈಲ್‌ರೋಡ್ ಎಂಬ ಒಂಟಿ ಹಳಿಯ ಮಾರ್ಗದಲ್ಲಿ ಎರಡು ರೈಲುಗಳು ಎದುರುಬದುರಾಗಿ ಡಿಕ್ಕಿಹೊಡೆದು ಸಾವುನೋವು ಸಂಭವಿಸಿತು. ಬಳಿಕ ಆ ಕಂಪನಿಯು ಮಾರ್ಗವನ್ನು ವಿಭಾಗಗಳಾಗಿ ಹಂಚಿ, ಯಾವ ಆಜ್ಞೆಯನ್ನು ಯಾರು ಯಾರಿಗೆ ಕೊಡತಕ್ಕದ್ದೆಂಬುದನ್ನು ಬರಹದಲ್ಲಿ ಗೊತ್ತುಪಡಿಸಿತು. 1855ರಲ್ಲಿ ಈರಿ ರೈಲ್‌ರೋಡಿನ ಮೇಲ್ವಿಚಾರಕ ಡೇನಿಯಲ್ ಮೆಕ್ಯಾಲಂ ಎಂಬಾತ ಇಡೀ ಸಂಸ್ಥೆಯ ಅಧಿಕಾರ ಸಂಬಂಧಗಳನ್ನು ಮರವೊಂದರ ಕೊಂಬೆರೆಂಬೆಗಳಂತೆ ಚಿತ್ರಿಸಿದನು. ಅವನ ಒಂದು ವಿಚಾರ ನಮ್ಮ ಕವಲಿಗೆ ಬಹಳ ಚೆನ್ನಾಗಿ ಅನ್ವಯಿಸುತ್ತದೆ: ಐವತ್ತು ಮೈಲಿಯ ಮಾರ್ಗವನ್ನು ಒಬ್ಬ ಮೇಲ್ವಿಚಾರಕ ಖುದ್ದಾಗಿ ನೋಡಿಕೊಳ್ಳಬಲ್ಲ, ಎಲ್ಲರ ಮುಖಪರಿಚಯವೂ ಅವನಿಗಿರುತ್ತದೆ, ಐನೂರು ಮೈಲಿಯಾದಾಗ ಅದೇ ವಿಧಾನ ಕುಸಿದುಬೀಳುತ್ತದೆ.

ಮಾರಿಕುಪ್ಪಂ ಕವಲಿನ ಉದ್ದ ಹತ್ತೇ ಮೈಲಿ. ಬಂಗಾರಪೇಟೆಯ ಸ್ಟೇಷನ್ ಮಾಸ್ತರರಿಗೂ ಗಣಿಯ ಉಗ್ರಾಣಾಧಿಕಾರಿಗೂ ಮುಖಾಮುಖಿ ಮಾತನಾಡಿ ಬಗೆಹರಿಸಬಹುದಾದಷ್ಟು ಹತ್ತಿರ. ಇನ್ನೊಂದು ಅನುಕೂಲವೂ ಇತ್ತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿ ಕಂಪನಿಗಳು ಕಾಗದದ ಮೇಲೆ ಬೇರೆಬೇರೆಯಾಗಿದ್ದರೂ ಅವುಗಳ ವ್ಯವಹಾರವೆಲ್ಲ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಒಂದೇ ಮನೆತನದ ಕೈಯಲ್ಲಿದ್ದಿತು. ಬಳಕೆದಾರರು ಹಲವರಾದರೂ ಅವರ ಪರವಾಗಿ ಮಾತನಾಡುವ ಬಾಯಿ ಒಂದೇ. ಆದರೆ ವ್ಯಾಗನ್ನು ಬರುತ್ತಿದ್ದುದು ಆ ಹತ್ತು ಮೈಲಿಯಿಂದಲ್ಲ, ನೂರಾರು ಮೈಲಿಯಾಚೆಯಿಂದ. ಅದನ್ನು ಕಳುಹಿಸುವ ನಿರ್ಧಾರ ಬಂಗಾರಪೇಟೆಯಲ್ಲಿ ಆಗುವಂತಿರಲಿಲ್ಲ.

ದೊಡ್ಡ ರೈಲ್ವೆಯನ್ನು ಎರಡು ವಿಧವಾಗಿ ಕಟ್ಟಬಹುದು. ಮೊದಲನೆಯದು ಇಲಾಖಾ ಪದ್ಧತಿ. ಇದರಲ್ಲಿ ಸಂಚಾರ, ಎಂಜಿನ್ನು, ಹಳಿ, ಸಿಗ್ನಲ್ ಇವು ಒಂದೊಂದೂ ಪ್ರತ್ಯೇಕ ಶ್ರೇಣಿ. ಜಿಲ್ಲೆಯ ಸಂಚಾರಾಧಿಕಾರಿಯು ಪ್ರಧಾನ ಕಚೇರಿಯ ಸಂಚಾರ ಮುಖ್ಯಸ್ಥನಿಗೆ, ಎಂಜಿನ್ ಅಧಿಕಾರಿಯು ಎಂಜಿನ್ ಮುಖ್ಯಸ್ಥನಿಗೆ ಉತ್ತರ ಹೇಳಬೇಕು. ತಾಂತ್ರಿಕ ಶಿಸ್ತು ಇದರಲ್ಲಿ ಚೆನ್ನಾಗಿ ಉಳಿಯುತ್ತದೆ. ಆದರೆ ಕೋರಮಂಡಲದ ಸೈಡಿಂಗಿನಲ್ಲಿ ವ್ಯಾಗನ್ನಿನ ಚಕ್ರವೊಂದು ಕೆಟ್ಟು ಹಳಿ ಕಟ್ಟಿಕೊಂಡಿತೆಂದರೆ, ಪಕ್ಕದಲ್ಲಿಯೇ ಕುಳಿತ ಇಬ್ಬರು ಅಧಿಕಾರಿಗಳ ಭಿನ್ನಾಭಿಪ್ರಾಯ ಮದರಾಸಿನವರೆಗೆ ಹೋಗಿ ಅಲ್ಲಿ ತೀರ್ಮಾನವಾಗಿ ಮರಳಬೇಕು. ಎರಡನೆಯದು ವಿಭಾಗ ಪದ್ಧತಿ. ಒಂದು ಪ್ರದೇಶದ ಎಲ್ಲ ಇಲಾಖೆಗಳ ಮೇಲೆ ಒಬ್ಬ ವಿಭಾಗಾಧಿಕಾರಿ. ದಿನದ ಸಂಚಾರವನ್ನು ನಡೆಸಲು ಅವನ ಕೈಕೆಳಗೆ ಒಂದು ಕಂಟ್ರೋಲ್ ಕಚೇರಿ. ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆ, ದಕ್ಷಿಣ ಭಾರತ ರೈಲ್ವೆ, ಮೈಸೂರು ರೈಲ್ವೆಗಳು ಸೇರಿ 1951ರಲ್ಲಿ ದಕ್ಷಿಣ ರೈಲ್ವೆಯಾದ ಬಳಿಕ, 1956ರಲ್ಲಿ ಇಲ್ಲಿ ವಿಭಾಗ ಪದ್ಧತಿ ಜಾರಿಗೆ ಬಂದಿತು. ಬೆಂಗಳೂರು ವಿಭಾಗ ರಚನೆಯಾದದ್ದು 1981ರಲ್ಲಿ. 2003ರಲ್ಲಿ ಅದು ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆಗೆ ಸೇರಿತು. ಇದರೊಡನೆ ಹೊಸತೊಂದು ಅಂಚೂ ಹುಟ್ಟಿತು. ಜೋಲಾರಪೇಟೆಯ ಬಳಿ ರೈಲು ಒಂದು ವಲಯದಿಂದ ಇನ್ನೊಂದಕ್ಕೆ ಕೈಬದಲಾಗುತ್ತದೆ. ಏರಿನ ಬುಡದಲ್ಲಿಯೇ ಆಡಳಿತದ ಗಡಿಯೂ ಬಿದ್ದಿದೆ. ಗಡಿಯನ್ನು ಎಲ್ಲಿ ಎಳೆದರೂ ಯಾರಿಗೋ ಒಬ್ಬರಿಗೆ ತೊಡಕು ತಪ್ಪದು.

ಇಲಾಖೆ ಮೇಲೋ ಪ್ರದೇಶ ಮೇಲೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 2019ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ರೈಲ್ವೆಯ ಎಂಟು ಪ್ರತ್ಯೇಕ ಸೇವೆಗಳನ್ನು ಕೂಡಿಸಿ ಒಂದೇ ಸೇವೆಯನ್ನಾಗಿಸಲು ನಿರ್ಧರಿಸಿತು. ಇಲಾಖೆಗಳ ನಡುವಣ ಗೋಡೆಗಳನ್ನು ಕೆಡವುವುದೇ ಅದರ ಆಶಯ. ಆದರೆ 2024ರಲ್ಲಿ ತಾಂತ್ರಿಕ ಹುದ್ದೆಗಳಿಗೆ ಎಂಜಿನಿಯರಿಂಗ್ ಸೇವಾ ಪರೀಕ್ಷೆಯ ಮೂಲಕವೇ ನೇಮಕ ಮಾಡುವ ಕ್ರಮಕ್ಕೆ ಮರಳಬೇಕಾಯಿತು. ಹಳಿಯನ್ನು ಬಲ್ಲವನೇ ಬೇರೆ, ಮಾರುಕಟ್ಟೆಯನ್ನು ಬಲ್ಲವನೇ ಬೇರೆ ಎಂಬ ವಾಸ್ತವವನ್ನು ಆಜ್ಞೆಯೊಂದರಿಂದ ಅಳಿಸಲಾಗುವುದಿಲ್ಲ.

ಕವಲು ಮಾರ್ಗಗಳ ಪಾಲಿಗೆ ನಿರ್ಣಾಯಕವಾದ ಬದಲಾವಣೆ ಬಂದದ್ದು 1980ರ ದಶಕದ ಆರಂಭದಲ್ಲಿ, ಎಂ.ಎಸ್. ಗುಜ್ರಾಲರು ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದಾಗ. ಅಲ್ಲಿಯವರೆಗೆ ಒಬ್ಬ ವ್ಯಾಪಾರಿ ಸುಮಾರು 20 ಟನ್ನು ಹಿಡಿಸುವ ಒಂದೇ ವ್ಯಾಗನ್ನನ್ನು ಬೇಡಿದರೂ ರೈಲ್ವೆ ಕೊಡುತ್ತಿತ್ತು. ಆ ವ್ಯಾಗನ್ನು ಯಾರ್ಡಿನಿಂದ ಯಾರ್ಡಿಗೆ ಹೋಗಿ, ಪ್ರತಿ ಕಡೆಯೂ ಬಿಚ್ಚಿಸಿಕೊಂಡು ಬೇರೆ ರೈಲಿಗೆ ಕೂಡಿಕೊಳ್ಳುತ್ತ ಸಾಗುತ್ತಿತ್ತು. ಅದರ ಸುತ್ತಿನ ಬಹುಪಾಲು ಓಟದಲ್ಲಿ ಕಳೆಯುತ್ತಿರಲಿಲ್ಲ. ಯಾರ್ಡಿನ ನಿದ್ರೆಯಲ್ಲಿ ಕಳೆಯುತ್ತಿತ್ತು. ಹೊಸ ನೀತಿಯು ತುಂಬುವ ಕಡೆಯಿಂದ ಇಳಿಸುವ ಕಡೆಗೆ ಇಡೀ ರೇಕನ್ನೇ ನಡುವೆ ಬಿಚ್ಚದೆ ಓಡಿಸಬೇಕೆಂದು ವಿಧಿಸಿತು. ಹಳೆಯ ವ್ಯಾಗನ್ನುಗಳನ್ನು ಕೈಬಿಡಲಾಯಿತು, ಯಾರ್ಡುಗಳ ಮಹತ್ವ ಕುಗ್ಗಿತು, ಬಿಡಿ ಸರಕಿಗೆ ಬಾಗಿಲು ಮುಚ್ಚುತ್ತ ಬಂದಿತು. ದೇಶದ ಒಟ್ಟು ಲೆಕ್ಕದಲ್ಲಿ ಈ ನೀತಿ ಫಲಕಾರಿಯಾಯಿತೆಂಬುದು ನಿರ್ವಿವಾದ. ಭಾರತೀಯ ರೈಲ್ವೆಯ ವಾರ್ಷಿಕ ಸರಕು 2022–23ರಲ್ಲಿ 150 ಕೋಟಿ ಟನ್ನನ್ನು ಮೀರಿತು.

ಆದರೆ ಆ ಲೆಕ್ಕದಲ್ಲಿ ಬಾರದ ಒಂದು ಬಾಬತ್ತು ಇದೆ. ಬಂಗಾರಪೇಟೆಯ ಮಂಡಿಯ ವರ್ತಕನು ನಲವತ್ತಕ್ಕೂ ಹೆಚ್ಚು ವ್ಯಾಗನ್ನುಗಳನ್ನು ಒಮ್ಮೆಲೇ ತುಂಬಿಸಬಲ್ಲನೆ? ಊರಿನ ಹುಣಿಸೆಯೆಲ್ಲ ಸೇರಿದರೂ ಆಗದು. ರೈಲ್ವೆಯು ಅವನನ್ನು ಓಡಿಸಲಿಲ್ಲ. ಅವನು ಹೊರಲಾರದ ಒಂದು ಅಳತೆಯನ್ನು ಮುಂದಿಟ್ಟಿತು, ಅಷ್ಟೆ. ಅವನು ಲಾರಿಯನ್ನು ಹಿಡಿದನು. ಸಂಸ್ಥೆಯೊಂದು ತನ್ನ ಕಾರ್ಯದ ಘಟಕವನ್ನು ಬದಲಿಸಿದಾಗ, ಅದರ ಗ್ರಾಹಕರು ಯಾರೆಂಬುದೂ ಬದಲಾಗುತ್ತದೆ. ಗಣಿತದ ದೃಷ್ಟಿಯಿಂದ ಅಂದಿನ ನಿರ್ಧಾರ ಸರಿಯೆಂದೇ ನಾನು ಭಾವಿಸುತ್ತೇನೆ. ಆದರೆ ಬಿಡಿ ಸರಕುಗಳನ್ನು ಕೂಡಿಸಿ ರೇಕನ್ನಾಗಿಸುವ ಮಧ್ಯವರ್ತಿ ಏರ್ಪಾಡೊಂದನ್ನು ಸಣ್ಣ ಜಂಕ್ಷನ್ನುಗಳಲ್ಲಿ ಆಗಲೇ ಮಾಡಿದ್ದರೆ ಒಳ್ಳೆಯದಿತ್ತು. ಅಂತಹ ಕೆಲಸವನ್ನು ಇಂದು ಮಾಡುವುದು ಕಂಟೇನರ್. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಬೆಂಗಳೂರಿನಲ್ಲಿ 1981ರಲ್ಲಿಯೇ ತೆರೆಯಿತು. ಈಗ ಆ ವ್ಯವಹಾರ ನಡೆಯುವುದು ಬಂಗಾರಪೇಟೆಗೆ ಐವತ್ತು ಕಿಲೋಮೀಟರಿಗೂ ಹತ್ತಿರದ ವೈಟ್‌ಫೀಲ್ಡಿನಲ್ಲಿ. ಒಂದು ಪೆಟ್ಟಿಗೆಯಷ್ಟು ಸರಕುಳ್ಳವನೂ ಅಲ್ಲಿ ರೈಲಿನ ಗ್ರಾಹಕನಾಗಬಲ್ಲ, ಲಾರಿಯಲ್ಲಿ ಅಲ್ಲಿಯವರೆಗೆ ಒಯ್ದರೆ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿ, 2001ರ ಫೆಬ್ರವರಿ 28ರಂದು ಮುಚ್ಚಿಹೋದವು. ಕವಲು ಹಳಿ ಮುಚ್ಚಲಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ಸಹಸ್ರಾರು ಜನ ಬೆಂಗಳೂರಿನ ಕೆಲಸಗಳಿಗೆ ಹೋಗಿ ರಾತ್ರಿ ಮರಳುತ್ತಾರೆ. ನೂರು ವರ್ಷ ಸರಕನ್ನು ಒಳಗೆ ತಂದು ಬರಿದಾಗಿ ಮರಳಿದ ಹಳಿ ಈಗ ಬೆಳಗ್ಗೆ ತುಂಬಿ ಹೊರಹೋಗುತ್ತದೆ, ಹೊರಗೆ ಒಯ್ಯುವುದು ಜನರ ದುಡಿಮೆಯನ್ನು. ಯೋಜಕನ ಕಣ್ಣಿಗೆ ಇದೂ ಏಕಮುಖ ಸಾಗಣೆಯೇ. ಬೆಳಗಿನ ಎರಡು ಗಂಟೆಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ. ಬಂಗಾರಪೇಟೆಯಿಂದ ಬೆಂಗಳೂರಿನವರೆಗಿನ ಮುಖ್ಯ ಹಳಿಯಲ್ಲಿ ಆ ಹೊತ್ತಿಗೆ ಗೂಡ್ಸ್ ರೈಲುಗಳನ್ನು ಬದಿಗೆ ಸರಿಸಿ ನಿಲ್ಲಿಸದೆ ವಿಧಿಯಿಲ್ಲ. ಕಂಟ್ರೋಲ್ ಕಚೇರಿಯಲ್ಲಿ ಕುಳಿತವನಿಗೆ ಒಂದು ಕಡೆ ಕಲ್ಲಿದ್ದಲಿನ ರೇಕು, ಇನ್ನೊಂದು ಕಡೆ ಒಂಬತ್ತಕ್ಕೆ ಹಾಜರಿ ಹಾಕಬೇಕಾದ ಊರಿಗಾಂನ ಹೆಣ್ಣುಮಗಳು. ರೇಕು ಹಣ ತರುತ್ತದೆ. ಪ್ಯಾಸೆಂಜರ್ ಗಾಡಿ ನಷ್ಟದಲ್ಲಿ ಓಡುತ್ತದೆ. ಹಾಗಿದ್ದರೂ ಆ ಗಾಡಿ ಅರ್ಧ ಗಂಟೆ ತಡವಾದರೆ ಗಣಿಪಟ್ಟಣದ ಎಷ್ಟೋ ಮನೆಗಳಲ್ಲಿ ಒಂದು ದಿನದ ಕೂಲಿ ಹೋಯಿತು.

ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂವರೆಗೆ ಸುಮಾರು 24 ಕಿಲೋಮೀಟರ್ ಹೊಸ ಹಳಿಗೆ ಮಂಜೂರಾತಿ ದೊರೆತಿದೆ. ಅದು ಪೂರ್ಣವಾದರೆ, ಎಂಜಿನ್ನು ತುದಿ ಬದಲಿಸಿ ಹಿಂತಿರುಗಬೇಕಾದ ಕೊನೆಯ ನಿಲ್ದಾಣವಾಗಿ ಉಳಿದ ಮಾರಿಕುಪ್ಪಂ, ಎರಡೂ ಕಡೆಗೆ ದಾರಿಯುಳ್ಳ ನಿಲ್ದಾಣವಾಗುತ್ತದೆ. ಮುಖ್ಯ ಮಾರ್ಗದ ಗೂಡ್ಸ್ ರೈಲುಗಳಿಗೆ ಗಣಿಪಟ್ಟಣದ ಮೂಲಕ ಒಂದು ಬದಲಿ ದಾರಿ ದೊರೆಯುತ್ತದೆ. ಆಗ ಆ ರೈಲುಗಳು ಊರಿಗಾಂ, ಚಾಂಪಿಯನ್ನುಗಳನ್ನು ನಿಲ್ಲದೆ ದಾಟಿಹೋಗುವವೋ, ಅಥವಾ ಅಲ್ಲಿ ಸರಕು ತುಂಬಲು ಒಂದು ಸೈಡಿಂಗಾದರೂ ಉಳಿದಿರುವುದೋ ಎಂಬುದನ್ನು ಬೆಂಗಳೂರು ವಿಭಾಗದ ಯೋಜಕರು ಹಳಿ ಹಾಕುವ ಮುನ್ನವೇ ನಿರ್ಧರಿಸಬೇಕಾಗುತ್ತದೆ. ಹಳಿಯ ಪಕ್ಕದ ನೆಲ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವಂಥದಲ್ಲ.